ಬರೆದವನು ಸಿಗದಿದ್ದರೆ ಅಚ್ಚು ಹಾಕಿದವನನ್ನು ಹಿಡಿ

ಇಂಟರ್‌ನೆಟ್‌ನಲ್ಲಿ ಯಾರೋ ಏನೋ ಬರೆಯುತ್ತಾರೆ. ಅದು ಕಾನೂನಿಗೆ ವಿರುದ್ಧವಾಗಿದ್ದರೆ ಯಾರನ್ನು ಕೇಳಬೇಕು? ಬರೆದವನನ್ನೋ, ಬರೆಯಲು ಜಾಗ ಕೊಟ್ಟ ಕಂಪನಿಯನ್ನೋ? ಬ್ರಿಟನ್ 2023ರಲ್ಲಿ ತಂದ ಆನ್‌ಲೈನ್ ಸೇಫ್ಟಿ ಕಾಯ್ದೆ ಕಂಪನಿಯನ್ನೂ ಕೇಳುತ್ತದೆ. ಅಕ್ರಮ ಪೋಸ್ಟುಗಳಿಂದ ಏನೇನು ಅಪಾಯ ಆಗಬಹುದು ಅಂತ ತಾಣ ನಡೆಸುವವರೇ ಅಂದಾಜು ಮಾಡಬೇಕು, ತಡೆಯುವ ವ್ಯವಸ್ಥೆ ಇಟ್ಟುಕೊಳ್ಳಬೇಕು. ತಪ್ಪಿದರೆ 1.8 ಕೋಟಿ ಪೌಂಡ್ ಅಥವಾ ಜಗತ್ತಿನಾದ್ಯಂತದ ವಹಿವಾಟಿನ ಶೇ 10, ಎರಡರಲ್ಲಿ ಯಾವುದು ಜಾಸ್ತಿಯೋ ಅಲ್ಲಿಯವರೆಗೆ ದಂಡ. ಅಕ್ರಮ ವಿಷಯದ ನಿಯಮಗಳು 2025ರ ಮಾರ್ಚ್‌ನಲ್ಲಿ, ಮಕ್ಕಳ ರಕ್ಷಣೆಯ ನಿಯಮಗಳು ಜುಲೈನಲ್ಲಿ ಜಾರಿಗೆ ಬಂದವು.

ಈ ಕಾಯ್ದೆಯ ಸುತ್ತ ಅಲ್ಲಿ ಜಗಳ ಇನ್ನೂ ನಿಂತಿಲ್ಲ. ವಿರೋಧಿಸುವವರು, ಅಚ್ಚಿಗೆ ಮೊದಲೇ ಅನುಮತಿ ಪಡೆಯಬೇಕು ಅನ್ನುವುದರ ವಿರುದ್ಧ 1644ರಲ್ಲಿ ಬರೆದ ಕವಿ ಮಿಲ್ಟನ್ ಹೆಸರು ತೆಗೆಯುತ್ತಾರೆ, 1695ರಿಂದ ನಮ್ಮಲ್ಲಿ ಅಚ್ಚಿನ ಸ್ವಾತಂತ್ರ್ಯ ಇದೆ ಅನ್ನುತ್ತಾರೆ. ಬೆಂಬಲಿಸುವವರು, ಮೊದಲೇ ಬಂದು ಅನುಮತಿ ತಗೊಳ್ಳಿ ಅಂತ ಯಾರೂ ಹೇಳುತ್ತಿಲ್ಲವಲ್ಲ, ಇದು ಸೆನ್ಸಾರ್ ಹೇಗಾಗುತ್ತದೆ ಅಂತ ಕೇಳುತ್ತಾರೆ. ಇಬ್ಬರ ವಾದದ ಬೇರೂ ಒಂದೇ ಕಾಲದಲ್ಲಿದೆ. 1660ರಲ್ಲಿ ಇಂಗ್ಲೆಂಡಿಗೆ ರಾಜ ಮರಳಿ ಬಂದ ಮೇಲಿನ ನೂರು ವರ್ಷ ಅದು. ಸಾಹಿತ್ಯ ಚರಿತ್ರೆಯಲ್ಲಿ ರೆಸ್ಟೊರೇಷನ್ ಮತ್ತು ಜ್ಞಾನೋದಯದ ಯುಗ ಅಂತ ಓದುತ್ತೇವಲ್ಲ, ಅದೇ.

ಆ ನೂರು ವರ್ಷದಲ್ಲಿ ಸರ್ಕಾರದ ಕೈ ಮೊದಲು ಬಿದ್ದದ್ದು ಲೇಖಕರ ಮೇಲಲ್ಲ. ಲೇಖಕ ಹೆಸರು ಹಾಕದೆ ಬರೆಯಬಹುದು, ಊರು ಬಿಡಬಹುದು. ಮುದ್ರಕನಿಗೆ ಅಂಗಡಿ ಇದೆ, ಎತ್ತಿಕೊಂಡು ಓಡಲಾಗದ ಪ್ರೆಸ್ ಇದೆ, ಕೆಲಸದ ಹುಡುಗರಿದ್ದಾರೆ. ಹಾಗಾಗಿ ಹಿಡಿದದ್ದು ಅವನನ್ನೇ. ಅವನು ಹೆದರಿದ ಮೇಲೆ ಸರ್ಕಾರದ ಅರ್ಧ ಕೆಲಸವನ್ನು ಅವನೇ ಮಾಡಿಕೊಟ್ಟ. ಈಗಿನ ಚರ್ಚೆಯಲ್ಲಿ ಮಿಲ್ಟನ್ ಬರುತ್ತಾನೆ, ಈ ಮುದ್ರಕ ಬರುವುದೇ ಇಲ್ಲ.

ಇಪ್ಪತ್ತು ಮುದ್ರಕರು ಸಾಕು

ಎರಡನೇ ಚಾರ್ಲ್ಸ್ 1660ರ ಮೇ 29ರಂದು, ತನ್ನ 30ನೇ ಹುಟ್ಟುಹಬ್ಬದ ದಿನ, ಲಂಡನ್ನಿಗೆ ಬಂದ. ಅವನ ಅಪ್ಪನ ತಲೆಯನ್ನು 1649ರಲ್ಲಿ ಸಂಸತ್ತಿನವರು ಕಡಿಸಿದ್ದರು. ಅದಕ್ಕೂ ಮೊದಲು ನಡೆದ ಅಂತರ್ಯುದ್ಧದ ಹೊತ್ತಿನಲ್ಲಿ ದೇಶದ ತುಂಬ ಕರಪತ್ರಗಳ ಮಳೆ ಸುರಿದಿತ್ತು. ರಾಜನ ಕಡೆಯವರ ಲೆಕ್ಕ ಸರಳವಾಗಿತ್ತು. ಅಚ್ಚಿನ ಯಂತ್ರ ಸುಮ್ಮನಿದ್ದಿದ್ದರೆ ಅಪ್ಪನ ತಲೆ ಉಳಿಯುತ್ತಿತ್ತು.

1662ರಲ್ಲಿ ಅಚ್ಚಿನ ಪರವಾನಗಿ ಕಾಯ್ದೆ ಬಂತು. ಯಾವ ಪುಸ್ತಕವೂ ಅನುಮತಿ ಇಲ್ಲದೆ ಅಚ್ಚಾಗುವಂತಿಲ್ಲ. ಕಾನೂನಿನ ಪುಸ್ತಕವನ್ನು ನ್ಯಾಯಾಧೀಶರು ನೋಡಬೇಕು. ಇತಿಹಾಸ, ರಾಜಕೀಯವಾದರೆ ರಾಜನ ಕಾರ್ಯದರ್ಶಿಗಳು. ಧರ್ಮ, ತತ್ವಶಾಸ್ತ್ರ ಮತ್ತು ಉಳಿದ ಬಹುಪಾಲು ಪುಸ್ತಕಗಳು ಬಿಷಪ್‌ಗಳ ಕೈಗೆ. ಲಂಡನ್, ಆಕ್ಸ್‌ಫರ್ಡ್, ಕೇಂಬ್ರಿಜ್ ಮತ್ತು ಯಾರ್ಕ್ ಬಿಟ್ಟು ಬೇರೆಲ್ಲೂ ಪ್ರೆಸ್ ಇರಬಾರದು. ಲಂಡನ್ನಿನಲ್ಲಿದ್ದ ಸುಮಾರು 60 ಮುದ್ರಕರ ಸಂಖ್ಯೆ 20ಕ್ಕೆ ಇಳಿಯಬೇಕು. ಅಚ್ಚಿನ ಮೊಳೆ ಎರಕ ಹೊಯ್ಯುವವರು ನಾಲ್ಕೇ ಜನ.

ಈ ಇಪ್ಪತ್ತರ ಲೆಕ್ಕದಲ್ಲೇ ಇಡೀ ಯೋಜನೆಯ ಗುಟ್ಟು ಇದೆ. ಸಾವಿರಾರು ಲೇಖಕರ ಮೇಲೆ ಕಣ್ಣಿಡಲು ಯಾವ ಸರ್ಕಾರದ ಕೈಲೂ ಆಗುವುದಿಲ್ಲ. ಇಪ್ಪತ್ತು ಅಂಗಡಿಗಳ ಮೇಲೆ ಇಡಬಹುದು. ಇದರಿಂದ ಲಾಭ ಸರ್ಕಾರಕ್ಕೆ ಮಾತ್ರ ಅಂದುಕೊಳ್ಳಬೇಡಿ. ಲಂಡನ್ನಿನ ಮುದ್ರಕರು ಮತ್ತು ಪುಸ್ತಕ ವ್ಯಾಪಾರಿಗಳಿಗೆ ಸ್ಟೇಷನರ್ಸ್ ಕಂಪನಿ ಅನ್ನುವ ಸಂಘವಿತ್ತು. 1557ರಲ್ಲಿ ರಾಜಸನದು ಪಡೆದ ಸಂಘ ಅದು. ಅದರ ದಾಖಲೆ ಪುಸ್ತಕದಲ್ಲಿ ಒಂದು ಕೃತಿ ಯಾರ ಹೆಸರಿನಲ್ಲಿ ಬರೆದಿದೆಯೋ ಅದನ್ನು ಅಚ್ಚು ಹಾಕುವ ಹಕ್ಕು ಅವರಿಗೇ. ಕಳ್ಳ ಮುದ್ರಣ ಹುಡುಕಲು ಮನೆ ಶೋಧಿಸುವ ಅಧಿಕಾರವೂ ಅವರಿಗಿತ್ತು. ರಾಜದ್ರೋಹದ ಪುಸ್ತಕ ಹುಡುಕುವ ನೆಪದಲ್ಲಿ ತಮ್ಮ ವ್ಯಾಪಾರದ ಎದುರಾಳಿಯ ಅಂಗಡಿಗೂ ನುಗ್ಗಬಹುದಿತ್ತು. ಸರ್ಕಾರಕ್ಕೆ ಕಾವಲು ಸಿಕ್ಕಿತು, ಸಂಘಕ್ಕೆ ಏಕಸ್ವಾಮ್ಯ.

ಅಚ್ಚಿನ ಮೇಲ್ವಿಚಾರಕನಾಗಿ ಬಂದವನು ರೋಜರ್ ಲೆಸ್ಟ್ರೇಂಜ್. 1663ರಲ್ಲಿ ಅವನು ಅಚ್ಚನ್ನು ಹತೋಟಿಗೆ ತರುವ ಬಗ್ಗೆ ಒಂದು ಪುಸ್ತಿಕೆ ಬರೆದ. ಒಂದು ಕರಪತ್ರ ಹುಟ್ಟಿ ಓದುಗನ ಕೈ ಸೇರುವವರೆಗೆ ಯಾರ್‍ಯಾರ ಕೈದಾಟುತ್ತದೆ ಅಂತ ಅದರಲ್ಲಿ ಪಟ್ಟಿ ಮಾಡುತ್ತಾನೆ. ಸಲಹೆ ಕೊಟ್ಟವನು, ಬರೆದವನು, ತಿದ್ದಿದವನು, ಅಚ್ಚು ಹಾಕಿದವನು. ಆಮೇಲೆ ಮೊಳೆ ಎರಕದವನು, ಪ್ರೆಸ್ ರಿಪೇರಿ ಮಾಡುವ ಕಮ್ಮಾರ ಮತ್ತು ಬಡಗಿ. ಮುಂದೆ ಹೊಲಿಯುವವರು, ಬೈಂಡಿಂಗ್‌ನವರು, ತಲೆಹೊರೆ ವ್ಯಾಪಾರಿಗಳು, ಬೀದಿಯಲ್ಲಿ ಪತ್ರಿಕೆ ಮಾರುವ ಹೆಂಗಸರು, ಲಾವಣಿ ಹಾಡುವವರು, ಟಪಾಲಿನವರು, ಬಾಡಿಗೆ ಗಾಡಿ ಓಡಿಸುವವರು, ದೋಣಿಯವರು, ನಾವಿಕರು. ಇವರೆಲ್ಲರಿಗೂ ಶಿಕ್ಷೆಯ ಭಯ ಇರಬೇಕು ಅನ್ನುವುದು ಅವನ ಸಲಹೆ. ಹೋಸ್ಟಿಂಗ್ ಕಂಪನಿ, ಆ್ಯಪ್ ಸ್ಟೋರ್, ಹಣ ಪಾವತಿ ಸೇವೆ ಅಂತ ಈಗಿನ ಅಧಿಕಾರಿಗಳು ಎಣಿಸುವಾಗ ನನಗೆ ಈ ಪಟ್ಟಿಯೇ ನೆನಪಾಗುತ್ತದೆ.

ಅದೇ 1663ರ ಅಕ್ಟೋಬರ್. ಬೆಳಗಿನ ಜಾವ ನಾಲ್ಕರ ಹೊತ್ತು. ಲಂಡನ್ನಿನ ಕ್ಲಾತ್ ಫೇರ್‌ನಲ್ಲಿದ್ದ ಜಾನ್ ಟ್ವಿನ್ ಎಂಬ ಮುದ್ರಕನ ಮನೆ ಬಾಗಿಲನ್ನು ಲೆಸ್ಟ್ರೇಂಜ್‌ನ ಜನ ಅರ್ಧ ಗಂಟೆ ಬಡಿದರು. ಒಳಗೆ ಜೋಡಿಸಿದ ಮೊಳೆಗಳನ್ನು ಚೆಲ್ಲಾಡುವ ಸದ್ದು ಕೇಳುತ್ತಿತ್ತು. ಸಿಕ್ಕಿದ್ದು ಇನ್ನೂ ಒದ್ದೆಯಿದ್ದ ಹಾಳೆಗಳು. ತಪ್ಪು ಮಾಡಿದ ರಾಜನನ್ನು ಜನ ಶಿಕ್ಷಿಸಬಹುದು ಅಂತ ವಾದಿಸುವ ಪುಸ್ತಕ ಅದು. ಟ್ವಿನ್ ಅದನ್ನು ಬರೆದಿರಲಿಲ್ಲ. ಬರೆದವರು ಯಾರು ಅಂತ ಹೇಳಲೂ ಇಲ್ಲ. 1664ರ ಫೆಬ್ರುವರಿಯಲ್ಲಿ ಅವನನ್ನು ಗಲ್ಲಿಗೆ ಹಾಕಿ, ದೇಹವನ್ನು ತುಂಡು ಮಾಡಿ, ನಗರದ ಬಾಗಿಲುಗಳ ಮೇಲೆ ನೇತುಹಾಕಿದರು. ಲೇಖಕ ಸಿಗಲೇ ಇಲ್ಲ.

ಇಷ್ಟೆಲ್ಲ ಆದರೂ ಕಾನೂನು ಪೂರ್ತಿ ಕೆಲಸ ಮಾಡಿತು ಅಂತ ಹೇಳಲಾಗದು. ಆಂಡ್ರೂ ಮಾರ್ವೆಲ್ ಎಂಬ ಕವಿ, ಸಂಸತ್ತಿನ ಸದಸ್ಯ ಬೇರೆ, 1677ರಲ್ಲಿ ಹೆಸರಿಲ್ಲದೆ ಒಂದು ಬಿಸಿ ಬಿಸಿ ಕರಪತ್ರ ಬರೆದ. ಸರ್ಕಾರ ತನ್ನ ಗೆಜೆಟ್‌ನಲ್ಲಿ ಬಹುಮಾನ ಘೋಷಿಸಿತು. ಮಾರ್ವೆಲ್ ಸಿಕ್ಕಿಬೀಳಲಿಲ್ಲ. ಅಚ್ಚಿಗೆ ಕೊಡಲು ಹೆದರಿದ ಪದ್ಯಗಳು ಕೈಬರಹದ ಪ್ರತಿಗಳಾಗಿ ಕಾಫಿ ಅಂಗಡಿಗಳಲ್ಲಿ ತಿರುಗುತ್ತಿದ್ದವು. ರಾಜನಿಗೆ ಆ ಕಾಫಿ ಅಂಗಡಿಗಳ ಮೇಲೂ ಸಿಟ್ಟು ಬಂತು. 1675ರ ಡಿಸೆಂಬರ್ 29ರಂದು ಎಲ್ಲ ಕಾಫಿ ಅಂಗಡಿಗಳನ್ನು ಜನವರಿ 10ರಿಂದ ಮುಚ್ಚಬೇಕು ಅಂತ ಆಜ್ಞೆ ಹೊರಡಿಸಿದ. ಎದ್ದ ಗದ್ದಲ ನೋಡಿ ಜನವರಿ 8ಕ್ಕೇ ಅದನ್ನು ವಾಪಸ್ ಪಡೆದ. ಆಜ್ಞೆ ಜಾರಿಯಾಗಲು ಇನ್ನೂ ಎರಡು ದಿನ ಇತ್ತು!

ಮಿಲ್ಟನ್ ಬಗ್ಗೆ ಒಂದು ಮಾತು ಹೇಳಿಬಿಡಬೇಕು. 1644ರಲ್ಲಿ ಮುಂಚಿತ ಪರವಾನಗಿಯ ವಿರುದ್ಧ ಬರೆದ ಅದೇ ಮಿಲ್ಟನ್, 1651ರಲ್ಲಿ, ರಾಜನನ್ನು ಸೋಲಿಸಿದ ಸಂಸತ್ತಿನ ಸೇನಾನಾಯಕ ಕ್ರಾಮ್‌ವೆಲ್ ಕಡೆಯ ಸರ್ಕಾರಿ ಸುದ್ದಿಪತ್ರಿಕೆಗೆ ತಾನೇ ಪರವಾನಗಿ ಅಧಿಕಾರಿಯಾಗಿದ್ದ. ರಾಜ ಮರಳಿದ ಮೇಲೆ ಅವನ ಪುಸ್ತಕಗಳನ್ನು ಸುಟ್ಟರು, ಅವನನ್ನು ಸ್ವಲ್ಪ ಕಾಲ ಜೈಲಿಗೂ ಹಾಕಿದರು. ಕಣ್ಣು ಕಳೆದುಕೊಂಡಿದ್ದ ಅವನು 1667ರಲ್ಲಿ ‘ಪ್ಯಾರಡೈಸ್ ಲಾಸ್ಟ್’ ಪ್ರಕಟಿಸುವಾಗ ಇದೇ ಪರವಾನಗಿ ಬಾಗಿಲು ದಾಟಬೇಕಾಯಿತು. ಗ್ರಹಣ ಹಿಡಿದ ಸೂರ್ಯನನ್ನು ಕಂಡು ರಾಜರು ಕಂಗೆಡುತ್ತಾರೆ ಅನ್ನುವ ಸಾಲುಗಳ ಬಗ್ಗೆ ಅಧಿಕಾರಿ ಅನುಮಾನ ಪಟ್ಟಿದ್ದನಂತೆ. ಈ ಕಥೆ ಹೇಳಿದವನು ಮಿಲ್ಟನ್‌ನ ಜೀವನ ಬರೆದ ಜಾನ್ ಟೋಲಂಡ್.

1695ರಲ್ಲಿ ನಿಜಕ್ಕೂ ಆದದ್ದೇನು

1688ರ ಕ್ರಾಂತಿಯಲ್ಲಿ, ಚಾರ್ಲ್ಸ್‌ನ ನಂತರ ರಾಜನಾಗಿದ್ದ ಎರಡನೇ ಜೇಮ್ಸ್ ಓಡಿಹೋದ. ಮರುವರ್ಷ ಹಕ್ಕುಗಳ ಮಸೂದೆ ಬಂತು. ಇಂಗ್ಲೆಂಡಿನ ಸ್ವಾತಂತ್ರ್ಯದ ಮೂಲ ಅಂತ ಅದನ್ನು ಕೊಂಡಾಡುತ್ತಾರೆ. ಅದರಲ್ಲಿ ಮಾತಿನ ಸ್ವಾತಂತ್ರ್ಯದ ಬಗ್ಗೆ ಇರುವುದು ಒಂದೇ ಸಂಗತಿ. ಸಂಸತ್ತಿನೊಳಗೆ ಸದಸ್ಯರು ಆಡಿದ ಮಾತಿಗೆ ಹೊರಗೆ ಕೇಸು ಹಾಕಬಾರದು. ಅಚ್ಚಿನ ಬಗ್ಗೆ ಒಂದಕ್ಷರವೂ ಇಲ್ಲ. ಪರವಾನಗಿ ಕಾಯ್ದೆ ಕ್ರಾಂತಿಯ ನಂತರವೂ ಆರಾಮಾಗಿ ನಡೆದುಕೊಂಡು ಹೋಯಿತು. 1693ರಲ್ಲಿ ಅದನ್ನು ಇನ್ನೆರಡು ವರ್ಷ ಮುಂದುವರಿಸಿದರು ಕೂಡ.

ಇದನ್ನು ನಿಲ್ಲಿಸಬೇಕು ಅಂತ ತೆರೆಯ ಹಿಂದೆ ಕೂತು ದುಡಿದವನು ತತ್ವಜ್ಞಾನಿ ಜಾನ್ ಲಾಕ್. ತನ್ನ ಗೆಳೆಯ, ಸಂಸತ್ ಸದಸ್ಯ ಎಡ್ವರ್ಡ್ ಕ್ಲಾರ್ಕ್‌ನಿಗಾಗಿ ಅವನು ಕಾಯ್ದೆಯ ಒಂದೊಂದು ಕಲಮನ್ನೂ ಬಿಡಿಸಿ ಟಿಪ್ಪಣಿ ಬರೆದ. ಮನುಷ್ಯ ಬಾಯಲ್ಲಿ ಹೇಳಬಹುದಾದ್ದನ್ನು ಅಚ್ಚಿನಲ್ಲೂ ಹೇಳಲಿ, ತಪ್ಪಾದರೆ ಎರಡಕ್ಕೂ ಒಂದೇ ರೀತಿ ಉತ್ತರ ಕೊಡಲಿ ಅನ್ನುತ್ತಾನೆ. ಹೊಡೆದಾನು ಅನ್ನುವ ಭಯಕ್ಕೆ ಕೈಗೆ ಮೊದಲೇ ಬೇಡಿ ಹಾಕುತ್ತೀರಾ ಅಂತಲೂ ಕೇಳುತ್ತಾನೆ. ಆದರೆ ಟಿಪ್ಪಣಿಯ ತುಂಬ ಹೊಗೆಯಾಡುವುದು ಬೇರೆಯೇ ಸಿಟ್ಟು. ಸಿಸೆರೋ ತರದ ಹಳೆಯ ಲೇಖಕರನ್ನು ಅಚ್ಚು ಹಾಕುವ ಹಕ್ಕನ್ನು ಸ್ಟೇಷನರ್ಸ್ ಕಂಪನಿಯವರು ಹಿಡಿದುಕೊಂಡು ಕೂತಿದ್ದಾರೆ. ಅವರ ಪುಸ್ತಕ ದುಬಾರಿ, ಕಾಗದ ಕೆಟ್ಟದು. ಹಾಲೆಂಡಿನಿಂದ ಒಳ್ಳೆಯ ಪ್ರತಿ ತರಿಸೋಣ ಅಂದರೆ ಬಿಡುವುದಿಲ್ಲ. ಒಬ್ಬ ಓದುಗನ, ಪುಸ್ತಕ ಕೊಳ್ಳುವವನ ಸಿಟ್ಟು ಇದು.

ಸಂಸತ್ತಿನ ಕೆಳಮನೆ 1695ರ ಏಪ್ರಿಲ್‌ನಲ್ಲಿ ಕಾಯ್ದೆ ಮುಂದುವರಿಸುವುದು ಬೇಡ ಅಂತ ಮೇಲ್ಮನೆಗೆ 18 ಕಾರಣ ಕೊಟ್ಟಿತು. ಒಂದೊಂದೂ ಸಣ್ಣ ಸಣ್ಣ ತಕರಾರು. ಪರವಾನಗಿಗೆ ಎಷ್ಟು ಶುಲ್ಕ ಅಂತ ಕಾಯ್ದೆ ಹೇಳುವುದಿಲ್ಲ, ಹಾಗಾಗಿ ಅಧಿಕಾರಿ ಕೇಳಿದಷ್ಟು ಕೊಡಬೇಕು. ಹೊರದೇಶದಿಂದ ಬಂದ ಪುಸ್ತಕದ ಪೆಟ್ಟಿಗೆ ಸುಂಕದ ಕಟ್ಟೆಯಲ್ಲಿ ಕೊಳೆಯುತ್ತದೆ. ಸುಮ್ನೆ ಅನುಮಾನದ ಮೇಲೆ ಮನೆ ಶೋಧಿಸಬಹುದು. ಮತ್ತು ಒಂದು ಕಾರಣ ಇವತ್ತಿಗೂ ಹರಿತವಾಗಿದೆ. ‘ಆಕ್ಷೇಪಾರ್ಹ’ ಪುಸ್ತಕ ನಿಷೇಧ ಅನ್ನುತ್ತೀರಿ, ಆಕ್ಷೇಪಾರ್ಹ ಅಂದರೆ ಯಾವುದು ಅಂತ ಎಲ್ಲೂ ಹೇಳಿಲ್ಲವಲ್ಲ?

ಮೇ ತಿಂಗಳಲ್ಲಿ ಕಾಯ್ದೆಯ ಅವಧಿ ಮುಗಿಯಿತು. ಯಾರೂ ಬೀದಿಯಲ್ಲಿ ಪಟಾಕಿ ಹೊಡೆಯಲಿಲ್ಲ. 19ನೇ ಶತಮಾನದ ಇತಿಹಾಸಕಾರ ಥಾಮಸ್ ಮೆಕಾಲೆಗೆ ಇದು ವಿಚಿತ್ರವಾಗಿ ಕಂಡಿತು. ಈ ಒಂದು ತೀರ್ಮಾನ ಮ್ಯಾಗ್ನ ಕಾರ್ಟಾಕ್ಕಿಂತ, ಹಕ್ಕುಗಳ ಮಸೂದೆಗಿಂತ ಹೆಚ್ಚು ಕೆಲಸ ಮಾಡಿತು ಅಂತ ಹೊಗಳುತ್ತಾನೆ. ಕೊಟ್ಟ ಕಾರಣಗಳಲ್ಲಿ ಸ್ವಾತಂತ್ರ್ಯದ ತತ್ವದ ಬಗ್ಗೆ ಒಂದು ಮಾತೂ ಇಲ್ಲವಲ್ಲ ಅಂತ ಅಚ್ಚರಿಯನ್ನೂ ಪಡುತ್ತಾನೆ. ನನಗೆ ಅದರಲ್ಲಿ ಅಚ್ಚರಿ ಕಾಣುವುದಿಲ್ಲ. ತತ್ವದ ಮೇಲೆ ಮತ ಕೇಳಿದ್ದರೆ ಆ ಸದಸ್ಯರಲ್ಲಿ ಬಹುಪಾಲು ಜನ ಪರವಾನಗಿಯ ಕಡೆಗೇ ಕೈ ಎತ್ತುತ್ತಿದ್ದರು ಅಂತ ನನ್ನ ಅನುಮಾನ. ಶುಲ್ಕ, ಶೋಧನೆ, ಸುಂಕದ ಕಟ್ಟೆ ಅಂದಾಗ ಪ್ರತಿಯೊಬ್ಬನಿಗೂ ತನ್ನ ಅಥವಾ ತನ್ನ ಊರಿನವರ ಒಂದು ತೊಂದರೆ ಕಂಡಿತು.

ಫಲ ಬೇಗ ಕಾಣಿಸಿತು. ಅದೇ ವರ್ಷ ಲಂಡನ್ನಿನಲ್ಲಿ ಖಾಸಗಿ ಪತ್ರಿಕೆಗಳು ಹುಟ್ಟಿಕೊಂಡವು. 1702ರ ಮಾರ್ಚ್ 11ರಂದು ಮೊದಲ ದಿನಪತ್ರಿಕೆ ‘ಡೈಲಿ ಕೋರಂಟ್’ ಬಂತು. ಅದನ್ನು ಹೊರತಂದವಳು ಎಲಿಜಬೆತ್ ಮ್ಯಾಲೆಟ್ ಎಂಬ ಹೆಂಗಸು. ಒಂದೇ ಬದಿಯಲ್ಲಿ ಅಚ್ಚಾದ ಹಾಳೆ, ಎರಡು ಕಾಲಂ, ತುಂಬ ವಿದೇಶಿ ಪತ್ರಿಕೆಗಳಿಂದ ತೆಗೆದ ಸುದ್ದಿ. 1711ರಲ್ಲಿ ಶುರುವಾದ ‘ಸ್ಪೆಕ್ಟೇಟರ್’ ದಿನಕ್ಕೆ 3,000 ಪ್ರತಿ ಹೋಗುತ್ತದೆ, ಒಂದೊಂದನ್ನೂ 20 ಜನ ಓದುತ್ತಾರೆ ಅಂತ ಅದರ ಸಂಪಾದಕ ಆಡಿಸನ್ ಹೇಳಿಕೊಂಡ. ಸಂಪಾದಕರ ಲೆಕ್ಕ, ಪೂರ್ತಿ ನಂಬುವಂತಿಲ್ಲ. ಆದರೂ ಕಾಫಿ ಅಂಗಡಿಯಲ್ಲಿ ಒಂದು ಪ್ರತಿ ಹತ್ತಾರು ಕೈ ದಾಟುತ್ತಿದ್ದದ್ದಂತೂ ನಿಜ.

ಬಾಗಿಲು ತೆರೆಯಿತು, ಬೇಲಿ ಬಂತು

ಮುಂಚಿತ ಅನುಮತಿ ಹೋದ ಮಾತ್ರಕ್ಕೆ ಸರ್ಕಾರ ಕೈಕಟ್ಟಿ ಕೂರಲಿಲ್ಲ. ಹೊಸ ಹೊಸ ದಾರಿ ಹುಡುಕಿತು. ಅಚ್ಚಾದ ಮೇಲೆ ಕೇಸು ಹಾಕುವುದು ಒಂದು ದಾರಿ. 1704ರಲ್ಲಿ ಜಾನ್ ಟಚಿನ್ ಎಂಬ ಪತ್ರಕರ್ತನ ಕೇಸಿನಲ್ಲಿ ಮುಖ್ಯ ನ್ಯಾಯಾಧೀಶ ಹೋಲ್ಟ್, ಸರ್ಕಾರದ ಬಗ್ಗೆ ಜನರಲ್ಲಿ ಕೆಟ್ಟ ಅಭಿಪ್ರಾಯ ಹುಟ್ಟಿಸಿದವರನ್ನು ಸುಮ್ಮನೆ ಬಿಟ್ಟರೆ ಯಾವ ಸರ್ಕಾರವೂ ಉಳಿಯದು ಅಂದ. ಬರೆದದ್ದು ಸತ್ಯ ಅಂತ ವಾದಿಸಿದರೂ ಪ್ರಯೋಜನವಿಲ್ಲ. ಅಚ್ಚು ಹಾಕಿದ್ದು ಇವನೇ ಹೌದೋ ಅಲ್ಲವೋ ಅಂತ ಮಾತ್ರ ಜ್ಯೂರಿ ಹೇಳಬೇಕು. ಬರಹ ದ್ರೋಹವೋ ಅಲ್ಲವೋ ಅನ್ನುವುದು ನ್ಯಾಯಾಧೀಶರ ಪಾಲು. ಇದು 1792ರಲ್ಲಿ ಕಾನೂನು ಬದಲಾಗುವವರೆಗೆ ನಡೆಯಿತು.

ಡೇನಿಯಲ್ ಡೆಫೊ 1703ರಲ್ಲಿ ಈ ಬಲೆಗೆ ಬಿದ್ದ. ಪಂಥ ಬೇರೆಯಾದವರನ್ನೆಲ್ಲ ಗಲ್ಲಿಗೇರಿಸಿ ಅಂತ ಕಟ್ಟರ್ ಧರ್ಮಗುರುವಿನ ದನಿಯಲ್ಲಿ ಒಂದು ವ್ಯಂಗ್ಯ ಬರೆದಿದ್ದ. ಕೆಲವರು ಅದನ್ನು ನಿಜವೆಂದೇ ನಂಬಿ ಖುಷಿಪಟ್ಟರು. ವ್ಯಂಗ್ಯ ಅಂತ ಗೊತ್ತಾದ ಮೇಲೆ ಸಿಟ್ಟು ಡಬಲ್ ಆಯಿತು. ಕೊಕ್ಕೆ ಮೂಗು, ಚೂಪು ಗದ್ದ, ಬಾಯಿ ಹತ್ತಿರ ದೊಡ್ಡ ಮಚ್ಚೆ ಅಂತ ಚಹರೆ ಬರೆದು ಗೆಜೆಟ್‌ನಲ್ಲಿ 50 ಪೌಂಡ್ ಬಹುಮಾನ ಸಾರಿದರು. ಸಿಕ್ಕಿದ ಮೇಲೆ ಜುಲೈ ಕೊನೆಯಲ್ಲಿ ಮೂರು ದಿನ ಮರದ ಚೌಕಟ್ಟಿನಲ್ಲಿ ಕತ್ತು ಕೈ ಸಿಕ್ಕಿಸಿ ಬೀದಿಯಲ್ಲಿ ನಿಲ್ಲಿಸಿದರು. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತಿರುವ ಕಥೆ. ಮುಂದಿನದು ಹೆಚ್ಚು ಮುಖ್ಯ. ರಾಬರ್ಟ್ ಹಾರ್ಲಿ ಎಂಬ ರಾಜಕಾರಣಿ ಅವನನ್ನು ಜೈಲಿನಿಂದ ಬಿಡಿಸಿ ಸರ್ಕಾರದ ಗುಪ್ತಚರನನ್ನಾಗಿ, ಬರಹಗಾರನನ್ನಾಗಿ ಇಟ್ಟುಕೊಂಡ. 1704ರಿಂದ 1713ರವರೆಗೆ ಡೆಫೊ ನಡೆಸಿದ ‘ರಿವ್ಯೂ’ ಪತ್ರಿಕೆಯ ಹಿಂದೆ ಆ ನಂಟು ಇತ್ತು.

ದುಡ್ಡಿನ ದಾರಿ ಹೀಗೆ ತೆರೆದುಕೊಂಡಿತು. 1712ರ ಆಗಸ್ಟ್‌ನಿಂದ ಪತ್ರಿಕೆಗಳಿಗೆ ಸ್ಟಾಂಪ್ ತೆರಿಗೆ ಬಿತ್ತು, ಒಂದೊಂದು ಜಾಹೀರಾತಿಗೆ ಒಂದು ಶಿಲಿಂಗ್ ಬೇರೆ. ‘ಸ್ಪೆಕ್ಟೇಟರ್’ ಬೆಲೆ ಒಂದು ಪೆನ್ನಿಯಿಂದ ಎರಡಕ್ಕೆ ಏರಿತು, ಡಿಸೆಂಬರ್‌ನಲ್ಲಿ ನಿಂತಿತು. ಆ ತೆರಿಗೆ ಪೂರ್ತಿ ಹೋದದ್ದು 1855ರಲ್ಲಿ. ಪ್ರಧಾನಿ ವಾಲ್ಪೋಲ್ ಕಾಲಕ್ಕೆ ಸರ್ಕಾರ ಪತ್ರಿಕೆಗಳನ್ನು ಕೊಳ್ಳುವುದನ್ನೇ ಶುರುಮಾಡಿತು. 1731ರಿಂದ 1741ರವರೆಗೆ ಲೇಖಕರಿಗೆ, ಪತ್ರಿಕೆಗಳ ಮುದ್ರಕರಿಗೆ 50,000 ಪೌಂಡಿಗೂ ಹೆಚ್ಚು ಖಜಾನೆಯಿಂದ ಹೋಗಿತ್ತು ಅಂತ ಆಮೇಲೆ ಸಂಸತ್ತಿನ ಗುಪ್ತ ಸಮಿತಿಯೇ ಲೆಕ್ಕ ಕೊಟ್ಟಿತು. ನಾಟಕದ ಮೇಲಂತೂ ಮುಂಚಿತ ಸೆನ್ಸಾರ್ ಮತ್ತೆ ಬಂತು. ಹೆನ್ರಿ ಫೀಲ್ಡಿಂಗ್‌ನ ನಾಟಕಗಳು ವಾಲ್ಪೋಲ್‌ನನ್ನು ವೇದಿಕೆ ಮೇಲೆ ಹಿಗ್ಗಾಮುಗ್ಗಾ ಗೇಲಿ ಮಾಡುತ್ತಿದ್ದವು. 1737ರ ಕಾಯ್ದೆ ಪ್ರತಿ ಹೊಸ ನಾಟಕವೂ ಅರಮನೆಯ ಅಧಿಕಾರಿಯ ಮುಂದೆ ಹೋಗಬೇಕು ಅಂದಿತು. ಫೀಲ್ಡಿಂಗ್ ರಂಗಭೂಮಿ ಬಿಟ್ಟು ವಕೀಲಿಕೆ ಓದಿದ, ಕಾದಂಬರಿ ಬರೆದ. ಇಂಗ್ಲಿಷ್ ಕಾದಂಬರಿಗೆ ಅದು ಲಾಭವೇ ಆಯಿತು ಅಂತ ಕೆಲವರು ಹೇಳುತ್ತಾರೆ. ಆ ಕಾಯ್ದೆಯಿಂದ ಬಂದ ನಾಟಕ ಸೆನ್ಸಾರ್ 1968ರವರೆಗೆ ಉಳಿಯಿತು ಅನ್ನುವುದನ್ನೂ ಜೊತೆಗೆ ಹೇಳಬೇಕಲ್ವಾ?

ನಡುವಿನವನ ಭಯ ಹೇಗಿರುತ್ತದೆ ಅಂತ ನೋಡಲು ಜೊನಾಥನ್ ಸ್ವಿಫ್ಟ್ ಬಳಿ ಹೋಗಬೇಕು. ಡಬ್ಲಿನ್‌ನ ಸೇಂಟ್ ಪ್ಯಾಟ್ರಿಕ್ ಚರ್ಚಿನ ಡೀನ್ ಆಗಿದ್ದ ಅವನು ಮುದ್ರಕರ ಹೆಗಲ ಮೇಲೆ ಎಷ್ಟು ಭಾರ ಹೊರಿಸಿದ ಅಂತ ಯೋಚಿಸಿದರೆ ಬೇಜಾರಾಗುತ್ತದೆ. 1720ರಲ್ಲಿ ಐರ್ಲೆಂಡಿನ ಬಟ್ಟೆಯನ್ನೇ ಉಡಿ ಅಂತ ಕರಪತ್ರ ಬರೆದ. ಕೇಸು ಬಿದ್ದದ್ದು ಮುದ್ರಕ ಎಡ್ವರ್ಡ್ ವಾಟರ್ಸ್ ಮೇಲೆ. ಜ್ಯೂರಿ ಅವನು ನಿರಪರಾಧಿ ಅಂದಾಗ ನ್ಯಾಯಾಧೀಶ ವಿಟ್‌ಶೆಡ್ ಅವರನ್ನು ಒಂಬತ್ತು ಸಲ ವಾಪಸ್ ಕಳಿಸಿದ ಅಂತ ಸ್ವಿಫ್ಟ್ ಬರೆಯುತ್ತಾನೆ. 1724ರಲ್ಲಿ ‘ಡ್ರೇಪಿಯರ್’ ಅನ್ನುವ ಹೆಸರಿನಲ್ಲಿ, ಬಟ್ಟೆ ವ್ಯಾಪಾರಿಯ ವೇಷದಲ್ಲಿ, ಇಂಗ್ಲೆಂಡ್ ಹೇರಲು ಹೊರಟ ತಾಮ್ರದ ನಾಣ್ಯದ ವಿರುದ್ಧ ಪತ್ರಗಳನ್ನು ಬರೆದ. ಲೇಖಕನ ತಲೆಗೆ 300 ಪೌಂಡ್ ಬಹುಮಾನ ಘೋಷಣೆಯಾಯಿತು. ಲೇಖಕ ಯಾರು ಅಂತ ಇಡೀ ಡಬ್ಲಿನ್‌ಗೆ ಗೊತ್ತಿತ್ತು, ಒಬ್ಬನೂ ಬಾಯಿ ಬಿಡಲಿಲ್ಲ. ಜೈಲಿಗೆ ಹೋದವನು ಮುದ್ರಕ ಜಾನ್ ಹಾರ್ಡಿಂಗ್. ಗ್ರ್ಯಾಂಡ್ ಜ್ಯೂರಿ ಆರೋಪ ಹೊರಿಸಲು ಒಪ್ಪಲಿಲ್ಲ, ನಾಣ್ಯವೂ ವಾಪಸ್ ಹೋಯಿತು. ಹಾರ್ಡಿಂಗ್ ಮಾತ್ರ 1725ರಲ್ಲಿ ತೀರಿಕೊಂಡ.

ಮರುವರ್ಷ ‘ಗಲಿವರನ ಪ್ರವಾಸ’. ಲಂಡನ್ನಿನ ಪ್ರಕಾಶಕ ಬೆಂಜಮಿನ್ ಮೋಟ್‌ನಿಗೆ ಹಸ್ತಪ್ರತಿ ಗುಟ್ಟಾಗಿ ತಲುಪಿತು, ಲೇಖಕನ ಹೆಸರಿಲ್ಲದೆ. ಮೋಟ್ ಹೆದರಿದ. ಎಲ್ಲೆಲ್ಲಿ ಮಂತ್ರಿಗಳಿಗೆ, ವಕೀಲರಿಗೆ ಜಾಸ್ತಿ ಚುಚ್ಚುತ್ತದೋ ಅಲ್ಲೆಲ್ಲ ಮೆತ್ತಗೆ ಮಾಡಿಸಿದ. ಸ್ವಿಫ್ಟ್‌ಗೆ ಸಿಟ್ಟು ಬಂತು, ಆದರೆ ಹೆಸರಿಲ್ಲದ ಲೇಖಕ ಯಾರ ಮೇಲೆ ಜಗಳ ತೆಗೆಯಬೇಕು? ಲಿಂಡಲಿನೊ ಎಂಬ ಊರಿನವರು ಆಕಾಶದಲ್ಲಿ ತೇಲುವ ದ್ವೀಪದ ರಾಜನ ವಿರುದ್ಧ ಬಂಡಾಯ ಏಳುವ ಪ್ರಸಂಗವೊಂದಿದೆ. ಓದಿದರೆ ಅದು ಡಬ್ಲಿನ್ ಅಂತ ತಿಳಿಯುತ್ತದೆ. ಆ ಭಾಗ ಅಚ್ಚಾಗಿ ಹೊರಬಂದದ್ದು 1899ರಲ್ಲಿ. ಯಾವ ಅಧಿಕಾರಿಯೂ ಅದನ್ನು ನಿಷೇಧಿಸಿರಲಿಲ್ಲ.

ಈ ಯಂತ್ರಕ್ಕೆ ಮೊದಲ ದೊಡ್ಡ ಪೆಟ್ಟು ಕೊಟ್ಟವರೂ ಅಚ್ಚುಕೂಟದವರೇ. 1763ರ ಏಪ್ರಿಲ್ 23ರಂದು ಜಾನ್ ವಿಲ್ಕ್ಸ್‌ನ ‘ನಾರ್ತ್ ಬ್ರಿಟನ್’ ಪತ್ರಿಕೆಯ 45ನೇ ಸಂಚಿಕೆ ರಾಜನ ಭಾಷಣವನ್ನು ಟೀಕಿಸಿತು. ಸರ್ಕಾರ ಯಾರ ಹೆಸರೂ ಇಲ್ಲದ ಒಂದು ವಾರಂಟ್ ಹೊರಡಿಸಿತು. ಲೇಖಕರು, ಮುದ್ರಕರು, ಪ್ರಕಾಶಕರು, ಯಾರು ಸಿಕ್ಕರೂ ಹಿಡಿಯಿರಿ ಅಂತ. 49 ಜನರನ್ನು ಹಿಡಿದರು. ಅವರಲ್ಲಿ ಒಬ್ಬ ಮುದ್ರಕ ಆ ಸಂಚಿಕೆಯನ್ನು ಅಚ್ಚು ಹಾಕಿಯೇ ಇರಲಿಲ್ಲ. ವಿಲಿಯಂ ಹಕಲ್ ಎಂಬ ಪ್ರೆಸ್ ಕೆಲಸಗಾರನನ್ನು ಸುಮಾರು ಆರು ಗಂಟೆ ಇಟ್ಟುಕೊಂಡಿದ್ದರು. ಮಾಂಸದೂಟ, ಬಿಯರ್ ಕೊಟ್ಟು ಚೆನ್ನಾಗಿಯೇ ನೋಡಿಕೊಂಡಿದ್ದರಂತೆ. ಅವನ ವಾರದ ಸಂಬಳ ಒಂದು ಗಿನಿ, ಅಂದರೆ ಒಂದು ಪೌಂಡಿಗಿಂತ ಸ್ವಲ್ಪ ಜಾಸ್ತಿ. ಅವನು ಕೇಸು ಹಾಕಿದ. ಜ್ಯೂರಿ 300 ಪೌಂಡ್ ಪರಿಹಾರ ಕೊಟ್ಟಿತು! ಮೊತ್ತ ವಿಪರೀತವಾಯಿತು ಅಂತ ಸರ್ಕಾರದ ಕಡೆಯವರು ಗೋಗರೆದರು. ಹೆಸರಿಲ್ಲದ ವಾರಂಟ್ ಹಿಡಿದು ಮನೆಗೆ ನುಗ್ಗುವುದು ಎಂಥ ಅಪಾಯ ಅಂತ ಜ್ಯೂರಿಯವರಿಗೆ ಗೊತ್ತಿತ್ತು ಅಂದ ನ್ಯಾಯಾಧೀಶ ಪ್ರ್ಯಾಟ್, ಪರಿಹಾರವನ್ನು ಹಾಗೇ ಉಳಿಸಿದ.

ಅದು ಹಡಗು ಹತ್ತಿ ಇಲ್ಲಿಗೂ ಬಂತು

1695ರನ್ನು ಕೊಂಡಾಡಿದ ಮೆಕಾಲೆಯೇ 1837ರಲ್ಲಿ ಭಾರತದ ದಂಡ ಸಂಹಿತೆಯ ಕರಡು ತಯಾರಿಸಿದ. ಅದರಲ್ಲಿ ಸರ್ಕಾರದ ಬಗ್ಗೆ ಅಸಮಾಧಾನ ಹುಟ್ಟಿಸುವುದನ್ನು ಅಪರಾಧ ಮಾಡುವ ಕಲಮೂ ಇತ್ತು. 1860ರಲ್ಲಿ ಸಂಹಿತೆ ಬಂದಾಗ ಅದು ಬಿಟ್ಟುಹೋಗಿತ್ತು, 1870ರಲ್ಲಿ 124ಎ ಆಗಿ ಸೇರಿತು. ಹೋಲ್ಟ್ 1704ರಲ್ಲಿ ಹೇಳಿದ ಮಾತಿನ ನೆರಳು ಅದರಲ್ಲಿ ಎದ್ದು ಕಾಣುತ್ತದೆ. ಬ್ರಿಟನ್ ತನ್ನ ರಾಜದ್ರೋಹದ ಅಪರಾಧವನ್ನು 2009ರ ಕಾಯ್ದೆಯಿಂದ ತೆಗೆದುಹಾಕಿತು. ನಮ್ಮಲ್ಲಿ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ 124ಎಯನ್ನು ತಡೆಹಿಡಿಯಿತು. 2024ರ ಜುಲೈನಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 152ನೇ ಸೆಕ್ಷನ್ ಬೇರೆ ಪದಗಳಲ್ಲಿ ಅದೇ ಜಾಗದಲ್ಲಿ ಕೂತಿದೆ ಅಂತ ಹಲವರ ಟೀಕೆ.

‘ಆಕ್ಷೇಪಾರ್ಹ’ ಅಂದರೆ ಏನು ಅನ್ನುವ ಪ್ರಶ್ನೆಯೂ ಬಿಡಲಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ತೀರಾ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧ ಮಾಡಿತ್ತು. ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು, ಆ ಪದಗಳಿಗೆ ಗಡಿಯೇ ಇಲ್ಲ ಅಂತ ಅದನ್ನು ಹೊಡೆದುಹಾಕಿತು. ಅದೇ ಪದ ಇರುವ ಬ್ರಿಟನ್ನಿನ 2003ರ ಸಂವಹನ ಕಾಯ್ದೆಯ 127ನೇ ಸೆಕ್ಷನ್ ಇನ್ನೂ ಬದುಕಿದೆ. 1695ರ 18 ಕಾರಣಗಳ ಪಟ್ಟಿ ಬರೆದವರ ದೇಶದಲ್ಲೇ! ಆನ್‌ಲೈನ್ ಸೇಫ್ಟಿ ಮಸೂದೆಯಲ್ಲೂ ವಯಸ್ಕರ ವಿಷಯದಲ್ಲಿ ‘ಕಾನೂನುಬದ್ಧ ಆದರೆ ಹಾನಿಕರ’ ಅನ್ನುವ ಒಂದು ಬಗೆ ಇತ್ತು. ಗದ್ದಲವಾದ ಮೇಲೆ 2022ರ ಕೊನೆಗೆ ಅದನ್ನು ಕೈಬಿಟ್ಟರು.

ಕಾಯ್ದೆಯನ್ನು ಬೆಂಬಲಿಸುವವರು ಹೇಳುವುದರಲ್ಲಿ ಸತ್ಯವಿದೆ. ಮುದ್ರಕ ಟ್ವಿನ್ ಬಡವ, ಈಗಿನ ದೊಡ್ಡ ಕಂಪನಿಗಳು ಎಷ್ಟೋ ದೇಶಗಳಿಗಿಂತ ಶ್ರೀಮಂತ. ಮಕ್ಕಳಿಗೆ ಯಾವ ವೀಡಿಯೊ ತೋರಿಸಬೇಕು ಅಂತ ಅವರ ಯಂತ್ರವೇ ಆರಿಸುತ್ತದೆ, ಅವರು ಬರೀ ಹಾಳೆ ಅಚ್ಚು ಹಾಕುವವರಲ್ಲ. ಆ ಆಯ್ಕೆಗೆ ಅವರನ್ನು ಕೇಳುವುದು ನ್ಯಾಯವೇ. ನನಗೆ ಚಿಂತೆ ಇರುವುದು ಇಪ್ಪತ್ತರ ಲೆಕ್ಕದ ಬಗ್ಗೆ. ಭಾರೀ ದಂಡ, ಅಪಾಯದ ಅಂದಾಜು, ವಯಸ್ಸಿನ ತಪಾಸಣೆ, ಇವುಗಳ ಖರ್ಚು ದೊಡ್ಡ ಕಂಪನಿಗೆ ಏನೂ ಅಲ್ಲ. ಬಿಡುವಿನಲ್ಲಿ ತಾಣ ನಡೆಸುವವರಿಗೆ ಅದು ಬೆಟ್ಟ. ಬ್ರಿಟನ್ನಿನಲ್ಲಿ ಕೆಲವು ಸಣ್ಣ ಚರ್ಚಾತಾಣಗಳು 2025ರಲ್ಲಿ ಇದೇ ಕಾರಣ ಹೇಳಿ ಬಾಗಿಲು ಹಾಕಿದವು. ಉಳಿದವರು ಕೆಲವೇ ಜನ ಆದಷ್ಟೂ ಸರ್ಕಾರಕ್ಕೆ ಮಾತಾಡಿಸಲು ಸುಲಭ. ಸ್ಟೇಷನರ್ಸ್ ಕಂಪನಿಯವರಿಗೆ ಈ ವ್ಯವಸ್ಥೆ ಬಹಳ ಇಷ್ಟವಾಗುತ್ತಿತ್ತು.

ಕರ್ನಾಟಕ ಹೈಕೋರ್ಟ್ ಈ ಜಗಳದ ಒಂದು ಮುಖ್ಯ ಕಣ. ಪೋಸ್ಟು, ಖಾತೆಗಳನ್ನು ತೆಗೆಯುವ ಕೇಂದ್ರದ ಆದೇಶಗಳನ್ನು ಪ್ರಶ್ನಿಸಿದ ಟ್ವಿಟರ್‌ನ ಅರ್ಜಿಯನ್ನು 2023ರ ಜೂನ್ 30ರಂದು ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿತು. ಅದೇ ಕಂಪನಿ ಎಕ್ಸ್ ಅನ್ನುವ ಹೆಸರಿನಲ್ಲಿ ಮತ್ತೆ ಬಂತು. ಈ ಬಾರಿ ಪ್ರಶ್ನಿಸಿದ್ದು ‘ಸಹಯೋಗ್’ ಪೋರ್ಟಲನ್ನು. ಇದರ ಮೂಲಕ ಪೊಲೀಸರು, ಅಧಿಕಾರಿಗಳು ಕಂಪನಿಗಳಿಗೆ ನೇರವಾಗಿ ಪೋಸ್ಟ್ ತೆಗೆಯುವ ಸೂಚನೆ ಕಳಿಸುತ್ತಾರೆ. ಪಾಲಿಸದಿದ್ದರೆ ಐಟಿ ಕಾಯ್ದೆಯ 79ನೇ ಸೆಕ್ಷನ್ ನಡುವಿನವರಿಗೆ ಕೊಟ್ಟಿರುವ ರಕ್ಷಣೆ ಹೋಗುವ ಭಯ. 2025ರ ಸೆಪ್ಟೆಂಬರ್ 24ರಂದು ಆ ಅರ್ಜಿಯೂ ವಜಾ ಆಯಿತು. 19ನೇ ವಿಧಿಯ ವಾಕ್ ಸ್ವಾತಂತ್ರ್ಯ ಇರುವುದು ನಾಗರಿಕರಿಗೆ, ವಿದೇಶಿ ಕಂಪನಿಗೆ ಅಲ್ಲ ಅಂದಿತು ಕೋರ್ಟು. ಕಾನೂನಿನ ಪ್ರಕಾರ ಸರಿಯಾದ ಮಾತೇ ಇರಬಹುದು. ಆದರೆ ಹಕ್ಕು ಇರುವ ನಾಗರಿಕ ಅರ್ಜಿದಾರನಾಗಿರಲಿಲ್ಲ, ಅರ್ಜಿ ಹಾಕಿದ ಕಂಪನಿಗೆ ಹಕ್ಕಿಲ್ಲ.

ಅಪೀಲು ಹೋಗುವುದಾಗಿ ಎಕ್ಸ್ ಹೇಳಿತು. ಅಷ್ಟರಲ್ಲಿ 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿತು. ಇಂಥ ಸೂಚನೆ ಕಳಿಸುವವರು ಜಂಟಿ ಕಾರ್ಯದರ್ಶಿ ಮಟ್ಟದವರು, ಪೊಲೀಸರಾದರೆ ಡಿಐಜಿ ಮಟ್ಟದವರು ಇರಬೇಕು. ಕಾನೂನಿನ ಆಧಾರ, ಕಾರಣ ಬರೆಯಬೇಕು. ತಿಂಗಳಿಗೊಮ್ಮೆ ಕಾರ್ಯದರ್ಶಿ ಮಟ್ಟದಲ್ಲಿ ಪರಿಶೀಲನೆ ಆಗಬೇಕು. 1695ರ ಸದಸ್ಯರು ಎತ್ತಿದಂಥ ಸಣ್ಣ ತಕರಾರುಗಳಿಗೆ ಇದು ಸ್ವಲ್ಪ ಮಟ್ಟಿಗೆ ಉತ್ತರ. ಒಂದು ತಕರಾರು ಮಾತ್ರ ಹಾಗೇ ಉಳಿದಿದೆ. ಆ ಕಾರಣ ಬರೆದ ಕಾಗದ ಹೋಗುವುದು ಕಂಪನಿಗೆ. ಪೋಸ್ಟ್ ಹಾಕಿದವರಿಗೂ ಒಂದು ಪ್ರತಿ ಕಳಿಸಿ ಅಂತ ಆ ತಿದ್ದುಪಡಿ ಹೇಳುವುದಿಲ್ಲ.